ಹತ್ತನೆಯ ತರಗತಿಯ ಹೊಸ್ತಿಲಲ್ಲಿ ಮನೆಮಾತು

1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ಕೇರಳದ ಪಾಲಾಯಿತು. ಅಂದೇ ಕೊಳ್ಳೇಗಾಲವು ಕೊಯಮತ್ತೂರು ಜಿಲ್ಲೆಯನ್ನು ಬಿಟ್ಟು ಮೈಸೂರಿಗೆ ಸೇರಿತು. ಕೊಯಮತ್ತೂರು, ತಿರುಪ್ಪೂರು ಕಡೆಯ ದೇವಾಂಗ ನೇಕಾರರೇ ಮೊದಲಾದ ಕನ್ನಡಿಗರು ಅಲ್ಲೇ ಉಳಿದರು. ಅವರ ಮನೆಯಲ್ಲಿ ಕನ್ನಡವುಂಟು. ಅದನ್ನು ಬರೆಯಬಲ್ಲ ಮಕ್ಕಳು ವಿರಳ.

2006ರ ತಮಿಳು ಕಲಿಕೆ ಕಾನೂನು ಒಂದನೆಯ ತರಗತಿಯಿಂದ ವರ್ಷಕ್ಕೊಂದು ಮೆಟ್ಟಿಲೇರಿ 2016ರ ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನು ಮುಟ್ಟಿತು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ವಿನಾಯಿತಿ ಬೇಕಾದರೆ ಕೋರ್ಟಿನ ಮೆಟ್ಟಿಲೇ ಗತಿಯಾಯಿತು. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಕೊಟ್ಟದ್ದೂ ಒಂದೇ ವರ್ಷಕ್ಕೆ.

ನಾಡಭಾಷೆ ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಯಾವ ಭಾಷೆಯಲ್ಲಿ ಪರೀಕ್ಷೆ ಎಂಬುದು ಮಗುವಿಗೆ ಜೂನಿನಲ್ಲೇ ತಿಳಿದಿರಬೇಡವೇ? 2017ರ ಮಲಯಾಳ ಕಲಿಕೆ ಕಾನೂನನ್ನು ಕಂಡ ನಮಗೆ ಆ ಮಕ್ಕಳ ಸಂಕಟ ಪರರದ್ದಲ್ಲ.