ಬಾಡಿಗೆಯ ಫಲಕವೂ ಶ್ರಾವಕಧರ್ಮವೂ

ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಬಡಾವಣೆಗಳಲ್ಲಿ ಗೇಟಿಗೆ ತೂಗುಹಾಕಿದ ‘ಮನೆ ಬಾಡಿಗೆಗೆ ಇದೆ, ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಫಲಕ ಯಾರಿಗೂ ಹೊಸದಲ್ಲ. ಅದನ್ನು ಬರೆಸಿದ ಜೈನ ಗೃಹಸ್ಥನು ಅಹಿಂಸಾಣುವ್ರತವನ್ನು ತನ್ನ ಮನೆಯ ಗೋಡೆಗಳಿಗೂ ವಿಸ್ತರಿಸಿದ ಸಮಾಧಾನದಲ್ಲಿರುತ್ತಾನೆ. ಆದರೆ ಮನೆ ಕೇಳಿಕೊಂಡು ಬಂದವರೊಡನೆ ನಡೆಯುವ ಮಾತುಕತೆಗೆ ಕಿವಿಗೊಟ್ಟರೆ ಬೇರೊಂದು ಸಂಗತಿ ತಿಳಿಯುತ್ತದೆ. ಅಡಿಗೆಮನೆಯ ಮಾತು ಒಂದು ನಿಮಿಷದಲ್ಲಿ ಮುಗಿಯುತ್ತದೆ. ಅನಂತರ ಹೆಸರು, ಊರು, ತಂದೆಯ ಹೆಸರು. ಕೊನೆಗೆ ದನಿ ತಗ್ಗಿಸಿ, ‘ತಾವು ಯಾರ ಪೈಕಿ?’ ಎಂಬ ಪ್ರಶ್ನೆ. ಹುಟ್ಟಿನಿಂದ ಮಾಂಸ ಮುಟ್ಟದ ದಲಿತ ಉಪಾಧ್ಯಾಯನು ಬಂದರೆ ಮನೆ ‘ನಿನ್ನೆಯಷ್ಟೇ ಬೇರೆಯವರಿಗೆ ಆಗಿಹೋಗಿರುತ್ತದೆ’. ಸಂಜೆ ಹೋಟೆಲಿನಲ್ಲಿ ಆಮ್ಲೆಟ್ ತಿಂದು ಬರುವ, ಆದರೆ ಹೆಸರು ‘ಸರಿಯಾಗಿರುವ’ ತರುಣನಿಗೆ ಅದೇ ಮನೆಯ ಬೀಗದ ಕೈ ದೊರೆಯುತ್ತದೆ. ಹೀಗಿರುವಾಗ ಫಲಕವು ಅಳೆಯುತ್ತಿರುವುದು ಆಹಾರವನ್ನೋ, ಹುಟ್ಟನ್ನೋ?

ಇದಕ್ಕೆ ಸಿದ್ಧವಾದ ಸಮರ್ಥನೆಯೊಂದುಂಟು. ಮನೆ ಸ್ವಂತದ್ದು, ಯಾರಿಗೆ ಕೊಡಬೇಕೆಂಬುದು ಒಡೆಯನ ಇಚ್ಛೆ, ಕಾನೂನು ಇದರಲ್ಲಿ ತಲೆಹಾಕುವುದಿಲ್ಲ ಎಂಬುದೇ ಅದು. ಈ ಮಾತಿನಲ್ಲಿ ಅರ್ಧ ಸತ್ಯವಿದೆಯೆಂಬುದನ್ನು ಒಪ್ಪಲೇಬೇಕು. ಸಂವಿಧಾನದ 15ನೆಯ ಅನುಚ್ಛೇದದ ಮೊದಲ ಖಂಡವು ತಾರತಮ್ಯ ಮಾಡದಂತೆ ರಾಜ್ಯವನ್ನು ಕಟ್ಟಿಹಾಕುತ್ತದೆ. ಎರಡನೆಯ ಖಂಡವು ಅಂಗಡಿ, ಉಪಾಹಾರಗೃಹ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟಗಳನ್ನು ಹೆಸರಿಸುತ್ತದೆ. ಬಾಡಿಗೆಯ ಮನೆಯನ್ನು ಹೆಸರಿಸುವುದಿಲ್ಲ. 1999ರ ಕರ್ನಾಟಕ ಬಾಡಿಗೆ ಅಧಿನಿಯಮವು ಬಾಡಿಗೆಯ ದರ ಮತ್ತು ತೆರವುಗಳ ಬಗೆಗೆ ಮಾತನಾಡುತ್ತದೆಯೇ ಹೊರತು, ಮನೆಯನ್ನು ಯಾರಿಗೆ ನಿರಾಕರಿಸಬಾರದೆಂಬುದರ ಬಗೆಗೆ ಅಲ್ಲ. ಕೇಂದ್ರ ಸಚಿವ ಸಂಪುಟವು 2021ರಲ್ಲಿ ಅಂಗೀಕರಿಸಿದ ಮಾದರಿ ಬಾಡಿಗೆ ಅಧಿನಿಯಮವು ವಾಸದ ಮನೆಯ ಮುಂಗಡಕ್ಕೆ ಎರಡು ತಿಂಗಳ ಬಾಡಿಗೆಯ ಮಿತಿಯನ್ನು ಸೂಚಿಸಿತು. ಜಾತಿ ಮತಗಳ ಸೋಸುವಿಕೆಯ ಬಗೆಗೆ ಅದೂ ಮೌನವೇ. 2005ರಲ್ಲಿ ಅಹಮದಾಬಾದಿನ ಪಾರಸಿ ಗೃಹನಿರ್ಮಾಣ ಸಹಕಾರ ಸಂಘದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಸದಸ್ಯತ್ವವನ್ನು ತಮ್ಮ ಸಮುದಾಯಕ್ಕಷ್ಟೇ ಮಿತಿಗೊಳಿಸುವ ಸಂಘದ ಉಪನಿಯಮವನ್ನು ಎತ್ತಿಹಿಡಿಯಿತು. ಮುಸಲ್ಮಾನರಿಗೆ ಮನೆ ಬಾಡಿಗೆಗೆ ದೊರೆಯುವುದೇ ಕಷ್ಟವೆಂಬ ಅಳಲನ್ನು ಸಾಚಾರ್ ಸಮಿತಿ 2006ರಲ್ಲಿಯೇ ದಾಖಲಿಸಿತ್ತಾದರೂ ಅದಕ್ಕೆ ತಕ್ಕ ಕಾನೂನು ಬರಲಿಲ್ಲ.

ಸಮರ್ಥಕರು ಇಲ್ಲಿಗೆ ಪುಸ್ತಕ ಮುಚ್ಚುತ್ತಾರೆ. ಮುಂದಿನ ಪುಟಗಳನ್ನೂ ತಿರುವಬೇಕಾಗಿತ್ತು.

ಅಸ್ಪೃಶ್ಯತೆಯ ಕಾರಣದಿಂದ ಒಬ್ಬ ವ್ಯಕ್ತಿಗೆ ಯಾವುದೇ ಬಡಾವಣೆಯಲ್ಲಿ ವಾಸದ ಮನೆ ಕಟ್ಟಲು, ಪಡೆಯಲು, ಅದರಲ್ಲಿ ನೆಲಸಲು ಅಡ್ಡಿಪಡಿಸುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಅಧಿನಿಯಮದ 4ನೆಯ ಪ್ರಕರಣದಂತೆ ಅಪರಾಧ. ಶಿಕ್ಷೆ ಒಂದು ತಿಂಗಳಿಗೆ ಕಡಿಮೆಯಿಲ್ಲದ, ಆರು ತಿಂಗಳು ಮೀರದ ಸೆರೆವಾಸ, ಜೊತೆಗೆ ದಂಡ. ಅದೇ ಅಧಿನಿಯಮದ 12ನೆಯ ಪ್ರಕರಣವು ಇನ್ನೂ ಗಮನಾರ್ಹವಾದುದು. ನೊಂದವನು ಪರಿಶಿಷ್ಟ ಜಾತಿಗೆ ಸೇರಿದವನಾದರೆ, ಆ ಕೃತ್ಯವು ಅಸ್ಪೃಶ್ಯತೆಯ ಕಾರಣದಿಂದಲೇ ನಡೆದುದೆಂದು ನ್ಯಾಯಾಲಯ ಭಾವಿಸತಕ್ಕದ್ದು. ಅಲ್ಲವೆಂದು ಸಾಧಿಸುವ ಹೊಣೆ ಆರೋಪಿಯದು. ‘ತಾವು ಯಾರ ಪೈಕಿ?’ ಎಂದು ಮೊದಲೇ ಕೇಳಿ, ಉತ್ತರ ಪಡೆದ ಮೇಲೆ ಮನೆಯಿಲ್ಲವೆಂದ ಒಡೆಯನು ಆ ಹೊಣೆಯನ್ನು ಹೇಗೆ ನಿರ್ವಹಿಸಿಯಾನು? ದಲ್ಲಾಳಿಯ ಬಾಯಿಂದ ಕೇಳಿಸಿದ ಮಾತ್ರಕ್ಕೆ ಪ್ರಶ್ನೆ ಬೇರೆಯವರದಾಗುವುದಿಲ್ಲ. ಇದಲ್ಲದೆ 2017ರ ಎಚ್‌ಐವಿ ಮತ್ತು ಏಡ್ಸ್ ಅಧಿನಿಯಮವು ಸೋಂಕಿತರಿಗೂ, 2019ರ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಸಂರಕ್ಷಣಾ ಅಧಿನಿಯಮವು ಆ ಸಮುದಾಯದವರಿಗೂ ಮನೆ ಬಾಡಿಗೆಗೆ ಪಡೆಯುವಲ್ಲಿ ತಾರತಮ್ಯ ತೋರುವುದನ್ನು ಸ್ಪಷ್ಟವಾದ ಮಾತುಗಳಲ್ಲಿ ನಿಷೇಧಿಸಿವೆ. ಕಾನೂನು ತಲೆಹಾಕುವುದಿಲ್ಲವೆಂಬ ಮಾತು ಇಷ್ಟಕ್ಕೆ ಸುಳ್ಳಾಯಿತು.

ವಿರೋಧಪಕ್ಷದ ಒಂದು ಮಾತಿಗೆ ಬೆಲೆ ಕೊಡಬೇಕು. ಕೆಳಗೆ ಬಾಡಿಗೆಯವರು, ಮೇಲೆ ವ್ರತನಿಷ್ಠೆಯ ಮುದುಕಿ. ಮಾಂಸ ಬೇಯುವ ವಾಸನೆ ಆಕೆಯ ಪಾರಣೆಯನ್ನು ಕೆಡಿಸುತ್ತದೆ. ಈ ಮನೆಯಲ್ಲಿ ಮಾಂಸದ ಅಡಿಗೆ ಮಾಡಕೂಡದೆಂದು ಕರಾರುಪತ್ರದಲ್ಲಿ ಬರೆಸಿ, ಅದಕ್ಕೆ ಒಪ್ಪುವ ಯಾರಿಗಾದರೂ ಮನೆ ಕೊಟ್ಟರೆ ಆಕ್ಷೇಪವಿಲ್ಲ. ಅದು ನಡತೆಯ ಮೇಲಿನ ನಿಬಂಧನೆ. ಒಪ್ಪಿದವನನ್ನೂ ಹೆಸರು ಕೇಳಿ ಹಿಂದಕ್ಕೆ ಕಳುಹಿಸುವುದು ಹುಟ್ಟಿನ ಮೇಲಿನ ನಿಷೇಧ. ಅಮೆರಿಕದ 1968ರ ನ್ಯಾಯಬದ್ಧ ವಸತಿ ಕಾಯಿದೆಯು ಈ ಮುದುಕಿಯಂಥವರನ್ನು ನೆನೆದೇ, ಒಡೆಯನು ತಾನೂ ವಾಸಿಸುವ, ನಾಲ್ಕು ಸಂಸಾರಗಳನ್ನು ಮೀರದ ಮನೆಗೆ ವಿನಾಯಿತಿ ಕೊಟ್ಟಿತು. ಆದರೆ ಇಂಥ ಮತದವರಿಗೆ ಮಾತ್ರವೆಂದು ಜಾಹೀರು ಮಾಡುವ ಸ್ವಾತಂತ್ರ್ಯವನ್ನು ಆ ಮನೆಗೂ ಕೊಡಲಿಲ್ಲ. ಅಲ್ಲಿ ಮನೆ ಹಿಡಿದಿರುವ ಇಲ್ಲಿನ ಮಕ್ಕಳು ಮೊಮ್ಮಕ್ಕಳು ಆ ಕಾಯಿದೆಯ ನೆರಳಿನಲ್ಲಿದ್ದಾರೆಂಬುದನ್ನು ಅವರ ತಂದೆತಾಯಿಗಳು ನೆನೆಯುವುದು ಅಪರೂಪ.

ಗೃಹಸ್ಥನ ಮಾತು ಹೀಗಾದರೆ ಬಸದಿಗಳ ಟ್ರಸ್ಟುಗಳದು ಇನ್ನೂ ಗುರುತರವಾದುದು. ಮನೆಗಳು, ಮಳಿಗೆಗಳು, ವಠಾರಗಳು ದಾನಿಗಳಿಂದ ಧರ್ಮಕಾರ್ಯಕ್ಕೆಂದು ಬಂದ ಆಸ್ತಿ. ಆದಾಯಕ್ಕೆ ತೆರಿಗೆಯ ವಿನಾಯಿತಿ ಕೊಟ್ಟಿರುವುದು ಸಮಸ್ತ ಪ್ರಜೆಗಳ ಸರಕಾರ. ವಿಶ್ವಸ್ತರು ‘ನನ್ನ ಮನೆ, ನನ್ನ ಇಚ್ಛೆ’ ಎನ್ನಲು ಅಲ್ಲಿ ‘ನನ್ನದು’ ಎಂಬುದೇ ಇಲ್ಲ. ಬಸದಿ ಎಂಬ ಶಬ್ದ ಬಂದುದೇ ವಸತಿಯಿಂದ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಎಣಿಸುವ ನಾಲ್ಕು ದಾನಗಳಲ್ಲಿ ಆಹಾರ, ಔಷಧ, ಉಪಕರಣಗಳ ಜೊತೆಗೆ ಆವಾಸವೂ ಒಂದು. ಆ ದಾನವು ಮುಖ್ಯವಾಗಿ ಸಂಯಮಿಗಳನ್ನು ಕುರಿತದ್ದು, ಬಾಡಿಗೆದಾರರನ್ನಲ್ಲ ಎಂದು ಪಂಡಿತರು ತಿದ್ದಿಯಾರು, ಸರಿಯೇ. ಆದರೆ ಅದೇ ಗ್ರಂಥವು ಕುಲದ ಮದವನ್ನೂ ಜಾತಿಯ ಮದವನ್ನೂ ಅಷ್ಟಮದಗಳಲ್ಲಿ ಸೇರಿಸಿ, ಸಮ್ಯಗ್ದರ್ಶನವುಳ್ಳವನು ಮಾತಂಗನ ಮಗನಾದರೂ ದೇವಸಮಾನನೆಂದಾಗ ಯಾರನ್ನು ಕುರಿತು ಹೇಳಿತು? ಆ ಮಾತಂಗನ ಮಗನು ಇಂದು ಟ್ರಸ್ಟಿನ ಕಚೇರಿಗೆ ಬಂದು ಖಾಲಿ ಮನೆಯೊಂದನ್ನು ಕೇಳಿದರೆ ಗುಮಾಸ್ತೆಯು ಏನೆನ್ನುವನೆಂಬುದು ವಿಶ್ವಸ್ತರಿಗೆ ತಿಳಿದೇ ಇದೆ.

1917ರಲ್ಲಿ ಅಮೆರಿಕ, ಇಂಗ್ಲೆಂಡುಗಳಲ್ಲಿ ಓದಿ ಬಂದು ಬರೋಡಾ ಸಂಸ್ಥಾನದ ಸೇವೆಗೆ ಸೇರಿದ ಡಾ. ಅಂಬೇಡ್ಕರರಿಗೆ ಆ ಊರಿನಲ್ಲಿ ತಂಗಲು ಮನೆ ಸಿಗಲಿಲ್ಲ. ಪಾರಸಿ ಹೆಸರಿಟ್ಟುಕೊಂಡು ಪಾರಸಿಗಳ ವಸತಿಗೃಹದಲ್ಲಿ ಕೆಲವು ದಿನ ಕಳೆದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದು ಬಂದವರು ಅವರನ್ನು ಹೊರಡಿಸಿದರು. ಪರಿಚಯದ ಒಬ್ಬ ಹಿಂದೂ, ಒಬ್ಬ ಕ್ರೈಸ್ತ, ಇಬ್ಬರೂ ನೆವ ಹೇಳಿದರು. ಸಾರ್ವಜನಿಕ ಉದ್ಯಾನದಲ್ಲಿ ಕುಳಿತಿದ್ದು, ರಾತ್ರಿಯ ರೈಲಿಗೆ ಮುಂಬಯಿಗೆ ಹಿಂದಿರುಗಿದರು. ಅಂದು ದೊಣ್ಣೆ ಬೇಕಾಗಿತ್ತು. ಇಂದು ‘ನಿನ್ನೆಯಷ್ಟೇ ಆಗಿಹೋಯಿತು’ ಎಂಬ ಸೌಮ್ಯವಾದ ಮಾತು ಅದೇ ಕೆಲಸವನ್ನು ಮಾಡುತ್ತದೆ. ಸತ್ಯಾಣುವ್ರತವನ್ನು ಸ್ವೀಕರಿಸಿದವನು ಆ ಸುಳ್ಳನ್ನು ಯಾವ ಲೆಕ್ಕಕ್ಕೆ ಹಾಕಿಕೊಳ್ಳುವನೋ!

ಮಾಡಬೇಕಾದುದು ದೊಡ್ಡದೇನಲ್ಲ. ಬಾಡಿಗೆ ಕೊಡುವ ಶಕ್ತಿ, ಹಿಂದಿನ ಮನೆಯೊಡೆಯನ ಅಭಿಪ್ರಾಯ, ಪೊಲೀಸರಿಗೆ ಒಪ್ಪಿಸಬೇಕಾದ ಗುರುತಿನ ವಿವರ, ಅಡಿಗೆಯ ನಿಬಂಧನೆಗೆ ಒಪ್ಪಿಗೆ: ಟ್ರಸ್ಟಿನ ಅರ್ಜಿಯಲ್ಲಿ ಕೇಳಲು ಇಷ್ಟು ಸಾಕು. ಹಲವು ಕಡೆಯ ಅರ್ಜಿಗಳಲ್ಲಿ ಇವುಗಳಿಗಿಂತ ಮೇಲೆ, ಹೆಸರಿನ ಮರುಸಾಲಿನಲ್ಲಿಯೇ ಜಾತಿಯ ಕಾಲಮ್ಮೊಂದು ಅಚ್ಚಾಗಿ ಬಂದಿದೆ. ಮುಂದಿನ ಮುದ್ರಣಕ್ಕೆ ಅರ್ಜಿ ಹೋಗುವ ಮುನ್ನ ಆ ಸಾಲನ್ನು ಹೊಡೆದುಹಾಕಲು ಟ್ರಸ್ಟಿನ ಸಭೆಯ ಒಂದು ನಿರ್ಣಯ ಸಾಕಾಗುತ್ತದೆ.