ಜೆ.ಸಿ. ರಸ್ತೆಯ ಸ್ಪ್ರಿಂಗ್ ಸಾಲದೇ?

ಕಳೆದ ತಿಂಗಳು ಫಿಸಿಕ್ಸ್ ಲ್ಯಾಬ್‌ನಲ್ಲಿ ಸ್ಪ್ರಿಂಗಿನ ಪ್ರಯೋಗ ನಡೆಯುವಾಗ ನಾನು ಪುಷ್ಪಕ್ ವಿಮಾನದ ಮಾತೆತ್ತಿದೆ. ನಮ್ಮ ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ, 1958ರಲ್ಲಿ ಮೊದಲು ಹಾರಿದ, ಎರಡು ಸೀಟಿನ ಪುಟ್ಟ ವಿಮಾನ ಅದು. ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಎಷ್ಟೋ ಮಂದಿ ಹಾರಾಟ ಕಲಿತದ್ದು ಅದರಲ್ಲೇ. ಮುಂದೆ ಎರಡು ಗಾಲಿ, ಬಾಲದ ಕೆಳಗೊಂದು ಚಿಕ್ಕ ಗಾಲಿ. ಇಂಥ ಹಳೆಯ ವಿಮಾನಗಳಲ್ಲಿ ಸಾಮಾನ್ಯವಾಗಿ ಬಾಲದ ರಡ್ಡರ್‌ಗೂ ಆ ಗಾಲಿಗೂ ನಡುವೆ ಎರಡೂ ಬದಿ ಒಂದೊಂದು ಸ್ಪ್ರಿಂಗ್, ಒಂದೊಂದು ತುಂಡು ಚೈನ್ ಇರುತ್ತದೆ. ಪೈಲಟ್ ಪೆಡಲ್ ಒತ್ತಿದರೆ ರಡ್ಡರ್ ತಿರುಗಿ ಚೈನ್ ಎಳೆಯುತ್ತದೆ, ಗಾಲಿ ತಿರುಗುತ್ತದೆ.

"ಅಷ್ಟೇನಾ? ಸವೆದ್ರೆ ಜೆ.ಸಿ. ರಸ್ತೆಯಿಂದ ತಂದು ಹಾಕಿದ್ರಾಯ್ತು" ಅಂದ ಗೆಳೆಯ. ಎಲ್ಲರೂ ನಕ್ಕೆವು.

ಮೆಕ್ಯಾನಿಕ್ ಮನೆಯಲ್ಲಿ ಬೆಳೆದ ನನಗೆ ಆ ಮಾತು ಹೊಸದಲ್ಲ. ಕ್ಲಚ್ ಕೇಬಲ್ ತುಂಡಾದ ಆಟೋಗೆ ತಂತಿ ಕಟ್ಟಿ ಸುಮನಹಳ್ಳಿವರೆಗೆ ಕಳಿಸಿಕೊಡುವವರು ನಮ್ಮ ಅಬ್ಬಾ. ಜುಗಾಡ್ ನಮಗೆ ಅನ್ನ ಕೊಟ್ಟಿದೆ. ಆದರೂ ಗೆಳೆಯನ ಮಾತನ್ನು ನಾನು ಒಪ್ಪುವುದಿಲ್ಲ.

ಈ ವಿಮಾನಗಳ ಭಾರಕೇಂದ್ರ ಮುಂದಿನ ಗಾಲಿಗಳಿಗಿಂತ ಹಿಂದೆ ಇರುತ್ತದೆ. ರನ್‌ವೇಯಲ್ಲಿ ಓಡುವಾಗ ಬಾಲ ಒಮ್ಮೆ ಪಕ್ಕಕ್ಕೆ ಸರಿದರೆ ಇನ್ನಷ್ಟು ಸರಿಯಲು ನೋಡುತ್ತದೆ. ವೇಗ ಇಳಿದಂತೆ ರಡ್ಡರ್‌ಗೆ ತಾಗುವ ಗಾಳಿಯೂ ಕಡಿಮೆ. ಆಗ ದಿಕ್ಕು ಹಿಡಿಯಲು ಬಾಲದ ಗಾಲಿ ಬೇಕೇ ಬೇಕು. ಆ ಹೊತ್ತಿಗೆ ಸವೆದ ಕೊಂಡಿ ಕಳಚಿದರೆ ವಿಮಾನ ಗಿರ್ರನೆ ತಿರುಗಿ ರೆಕ್ಕೆ ನೆಲಕ್ಕೆ ಬಡಿಯಬಹುದು. ಇದನ್ನು ಗ್ರೌಂಡ್ ಲೂಪ್ ಅನ್ನುತ್ತಾರೆ.

ಇನ್ನು ಸ್ಪ್ರಿಂಗ್. ನೋಡಲು ಒಂದೇ ಥರ ಇರುವ ಎರಡಕ್ಕೆ ಒಂದೇ ತೂಕ ನೇತುಹಾಕಿ, ಒಂದು ಹೆಚ್ಚು ಜಗ್ಗಬಹುದು. ಮೆದುವಾದದ್ದನ್ನು ಹಾಕಿದರೆ ಗಾಲಿ ತಡವಾಗಿ ತಿರುಗುತ್ತದೆ. ತೀರಾ ಬಿಗಿಯಾದದ್ದಾದರೆ ನೆಲದ ಹೊಡೆತ ನೇರ ರಡ್ಡರ್‌ಗೆ ಹೋಗುತ್ತದೆ. ಹಾಗಾಗಿ ಆ ವಿಮಾನಕ್ಕೆಂದು ಒಪ್ಪಿಗೆ ಪಡೆದ ಬಿಡಿಭಾಗವೇ ಬೇಕು. ಹಾಕಿದ ಮೇಲೆ ಪೆಡಲನ್ನು ಎರಡೂ ಕಡೆ ಕೊನೆಯವರೆಗೆ ಒತ್ತಿ ನೋಡಬೇಕು, ಲೈಸೆನ್ಸ್ ಇರುವ ಎಂಜಿನಿಯರ್ ಲಾಗ್‌ಬುಕ್ಕಿನಲ್ಲಿ ಬರೆದು ಸಹಿ ಹಾಕಬೇಕು. ಇದನ್ನು ದುಬಾರಿ ಕಾಗದದ ಕಾಟ ಅನ್ನುವವರಿದ್ದಾರೆ. ಸಹಿ ಹಾಕಿದವರ ಹೆಸರು ಆ ಪುಸ್ತಕದಲ್ಲಿ ಉಳಿಯುತ್ತದೆ ಅನ್ನುವುದೇ ನನಗೆ ದೊಡ್ಡದಾಗಿ ಕಾಣುತ್ತದೆ.

ರಾತ್ರಿ ಅಬ್ಬಾರನ್ನು ಕೇಳಿದೆ. "ಗಾಡಿ ಕೆಟ್ರೆ ರಸ್ತೆ ಪಕ್ಕ ನಿಲ್ಲಿಸಬಹುದು ಬೇಟಾ. ಆದ್ರೂ ಬ್ರೇಕ್‌ಗೆ ಮಾತ್ರ ನಾನು ಯಾವತ್ತೂ ಜುಗಾಡ್ ಮಾಡಿಲ್ಲ" ಅಂದರು.

ಅಂದಿನ ಸ್ಪ್ರಿಂಗ್ ಪ್ರಯೋಗದ ರೀಡಿಂಗ್‌ಗಳನ್ನು ನಮ್ಮಲ್ಲಿ ಸುಮಾರು ಜನ ಪಕ್ಕದವರ ರೆಕಾರ್ಡ್ ನೋಡಿ ಬರೆದೆವು. ನಾನೂ ಬರೆದೆ.

ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ ಓದಿದವರು ವಿಮಾನ ನಿರ್ವಹಣೆಯ ಎಂಜಿನಿಯರ್ ಆಗಬಹುದು. ನಮ್ಮ ಕೆರಿಯರ್ ಕಾರ್ಯಕ್ರಮದಲ್ಲಿ ನೀಟ್, ಸಿಇಟಿ ಬಿಟ್ಟು ಬೇರೆ ಮಾತೇ ಬರಲಿಲ್ಲ. ಮುಂದಿನ ಸಲ ಜಕ್ಕೂರಿನಂಥ ಕಡೆಯಿಂದ ಒಬ್ಬ ನಿರ್ವಹಣಾ ಎಂಜಿನಿಯರನ್ನು ಕರೆಸಬೇಕೆಂದು ಪ್ರಿನ್ಸಿಪಾಲರಲ್ಲಿ ಕೇಳಿಕೊಳ್ಳುತ್ತೇನೆ. ಬರುವಾಗ ಅವರು ಸವೆದ ಚೈನೊಂದನ್ನೂ ತರಲಿ.