ತೆಂಗಿನ ಚಿಪ್ಪೂ ಹಲಾಲ್ ಆಹಾರವೂ

ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿಯ ಧಾರಣೆ ನೂರು ರೂಪಾಯಿ ಇಳಿದರೆ ಆ ಸುದ್ದಿ ಸಂಜೆಯೊಳಗಾಗಿ ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಗಳ ಕಟ್ಟಕಡೆಯ ಹಟ್ಟಿಯನ್ನೂ ಮುಟ್ಟುತ್ತದೆ. ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರದವರು 2024ನೆಯ ಇಸವಿಯಲ್ಲಿ ಕ್ವಿಂಟಲಿಗೆ 12,000 ರೂಪಾಯಿ, 2025ರಲ್ಲಿ 12,100 ರೂಪಾಯಿ ಬೆಂಬಲ ಬೆಲೆಯನ್ನು ಗೊತ್ತುಮಾಡಿದುದು ಇಲ್ಲಿ ಎಲ್ಲರ ನಾಲಗೆಯ ಮೇಲೂ ಇದೆ. ಆದರೆ ಆ ಕೊಬ್ಬರಿಯನ್ನು ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳ ಕಾಲ ತನ್ನ ಗರ್ಭದಲ್ಲಿಟ್ಟು ಕಾಪಾಡಿದ ಚಿಪ್ಪು ಎಲ್ಲಿಗೆ ಹೋಗುತ್ತದೆ, ಯಾರ ಕೈಯಲ್ಲಿ ಏನಾಗುತ್ತದೆ ಎಂದು ವಿಚಾರಿಸುವವರು ವಿರಳ. ಈ ಉದಾಸೀನದಿಂದ ಕಲ್ಪತರು ನಾಡಿಗೆ ಒದಗಿರುವ ನಷ್ಟವೆಷ್ಟೆಂಬುದನ್ನು ಇಂದು ವಾಚಕ ಮಹಾಶಯರ ಮುಂದಿಡಬಯಸುತ್ತೇವೆ.

ಚಿಪ್ಪನ್ನು ಗಾಳಿಯ ಸಂಪರ್ಕ ತಪ್ಪಿಸಿ ಸುಟ್ಟರೆ ಇದ್ದಲಾಗುತ್ತದೆ. ಆ ಇದ್ದಲನ್ನು ಸುಮಾರು 900ರಿಂದ 1,100 ಡಿಗ್ರಿಗಳ ಉಷ್ಣದಲ್ಲಿ ನೀರಿನ ಹಬೆಯೊಡನೆ ಕಾಯಿಸಿದರೆ ಅದರ ಮೈಯೆಲ್ಲ ಅತಿಸೂಕ್ಷ್ಮ ರಂಧ್ರಗಳಿಂದ ತುಂಬಿಹೋಗುತ್ತದೆ. ಇದಕ್ಕೆ ಸಕ್ರಿಯ ಇಂಗಾಲವೆಂದು ಹೆಸರು. ಮೀಟರಿನ ನೂರು ಕೋಟಿ ಭಾಗಗಳಲ್ಲಿ ಒಂದು ಭಾಗವನ್ನು ನ್ಯಾನೋಮೀಟರ್ ಎನ್ನುತ್ತಾರೆ. ಚಿಪ್ಪಿನ ಇಂಗಾಲದ ರಂಧ್ರಗಳಲ್ಲಿ ಬಹುಪಾಲು ಅಂತಹ ಎರಡು ನ್ಯಾನೋಮೀಟರುಗಳಿಗಿಂತಲೂ ಕಿರಿದಾದವು. ಇಂತಹ ಇಂಗಾಲದ ಒಂದೇ ಒಂದು ಗ್ರಾಮಿನ ಒಳಮೈಯನ್ನು ಬಿಡಿಸಿ ಹಾಸಿದರೆ ಸುಮಾರು 1,000 ಚದರ ಮೀಟರು, ಅಂದರೆ ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆ ತೋಟವಾಗುತ್ತದೆ! ನೀರಿನಲ್ಲಿಯ ಕ್ಲೋರಿನ್, ದುರ್ಗಂಧ, ಕೀಟನಾಶಕದ ಶೇಷ ಮೊದಲಾದುವು ಈ ರಂಧ್ರಗಳಲ್ಲಿ ಸಿಕ್ಕಿಕೊಳ್ಳುತ್ತವೆ. 1914-18ರ ಮಹಾಯುದ್ಧದಲ್ಲಿ ಸೈನಿಕರನ್ನು ವಿಷವಾಯುವಿನಿಂದ ರಕ್ಷಿಸಿದ ಮುಖವಾಡಗಳೊಳಗೆ ಇದ್ದುದೂ ಇದೇ ಚಿಪ್ಪಿನ ಇಂಗಾಲ. ಇಂದು ನ್ಯಾನೋ ತಂತ್ರವಿದ್ಯೆಯೆಂದು ವಿದ್ವಾಂಸರು ಕೊಂಡಾಡುವ ವಿದ್ಯೆಯ ಒಂದು ಕವಲು, ಹೀಗೆ ನಮ್ಮ ಹಿತ್ತಲಲ್ಲಿ ರಾಶಿಬಿದ್ದಿರುವ ಪದಾರ್ಥದಲ್ಲಿಯೇ ಅಡಗಿದೆ.

ಇನ್ನು ಇದಕ್ಕೂ ಹಲಾಲ್ ಆಹಾರಕ್ಕೂ ಏನು ಸಂಬಂಧವೆಂದು ಕೆಲವರು ಕೇಳಬಹುದು. 2022ರ ಯುಗಾದಿ ಹೊಸತೊಡಕಿನ ಸಮಯದಲ್ಲಿ ನಮ್ಮ ರಾಜ್ಯದಲ್ಲಿ ಈ ಶಬ್ದದ ಸುತ್ತ ಎದ್ದ ವಿವಾದವನ್ನು ವಾಚಕರು ಮರೆತಿರಲಾರರು. ಆ ವಾದವನ್ನು ಮತ್ತೆ ಕೆದಕುವುದು ನಮ್ಮ ಉದ್ದೇಶವಲ್ಲ. ಹಲಾಲ್ ಎಂಬುದು ಮಾಂಸಕ್ಕೆ ಮಾತ್ರ ಸಂಬಂಧಪಟ್ಟುದೆಂಬ ಭಾವನೆ ತಪ್ಪೆಂಬುದನ್ನಷ್ಟೇ ಹೇಳುತ್ತೇವೆ. ಆಹಾರದಲ್ಲಿ ಏನಿದೆ ಎಂಬುದರ ಜೊತೆಗೆ, ಅದನ್ನು ತಯಾರಿಸುವಾಗ ಏನು ಮುಟ್ಟಿತು ಎಂಬುದೂ ಅಲ್ಲಿ ವಿಚಾರಣೆಗೆ ಬರುತ್ತದೆ. ಅಮೆರಿಕದ ಕೆಲವು ಕಬ್ಬಿನ ಸಕ್ಕರೆಯ ಕಾರ್ಖಾನೆಗಳಲ್ಲಿ ಸಕ್ಕರೆಯನ್ನು ಬಿಳುಪು ಮಾಡಲು ದನದ ಎಲುಬಿನ ಇದ್ದಲನ್ನು ಬಳಸುವುದುಂಟು. ಎಲುಬು ಸಕ್ಕರೆಯಲ್ಲಿ ಉಳಿಯುವುದಿಲ್ಲ. ಆದರೂ ಅದು ಯಾವ ಪ್ರಾಣಿಯದು, ಹೇಗೆ ಸತ್ತುದು ಎಂಬ ಪ್ರಶ್ನೆ ಉಳಿಯುತ್ತದೆ. ಮಲೇಷ್ಯಾ ದೇಶದವರಂತೂ 2015ರಲ್ಲಿ ಕುಡಿಯುವ ನೀರನ್ನು ಶುದ್ಧಿಮಾಡುವ ದ್ರವ್ಯಗಳಿಗೂ ಹಲಾಲ್ ಮಾನವನ್ನು ಗೊತ್ತುಮಾಡಿದ್ದಾರೆ.

ಈ ಪ್ರಶ್ನೆ ನಮಗೇನೂ ಹೊಸದಲ್ಲ. ವ್ರತದ ದಿನ ಯಾವ ಪಾತ್ರೆಯಲ್ಲಿ ಬೇಯಿಸಿದುದೆಂದು ವಿಚಾರಿಸುವ ಮನೆಗಳೂ, ಎಲುಬಿನ ಹೆಸರೆತ್ತಿದರೆ ಸಕ್ಕರೆಯನ್ನೇ ತಳ್ಳಿಬಿಡುವ ಮನೆಗಳೂ ತುಮಕೂರು ಜಿಲ್ಲೆಯಲ್ಲಿ ಲೆಕ್ಕವಿಲ್ಲದಷ್ಟಿವೆ. ಪೊಟ್ಟಣದ ಮೇಲಣ ಹಸಿರು ಚುಕ್ಕೆಯನ್ನು ನೋಡಿಯೇ ನಾವು ಕೊಳ್ಳುತ್ತೇವೆ. ಪದಾರ್ಥದ ಮೂಲ ಸಸ್ಯವೋ ಪ್ರಾಣಿಯೋ ಎಂಬುದನ್ನು ಸ್ಪಷ್ಟವಾಗಿ ತಿಳಿಸಬೇಕೆಂದು ದೆಹಲಿಯ ಹೈಕೋರ್ಟು 2021ರಲ್ಲಿ ವಿಧಿಸಿದುದೂ ಇದೇ ಭಾವನೆಯಿಂದ. ತೆಂಗಿನ ಚಿಪ್ಪಿನ ಮೂಲವನ್ನು ಕುರಿತು ಮುಸಲ್ಮಾನರಿಗೂ ಜೈನರಿಗೂ ಲಿಂಗಾಯತರಿಗೂ ಬ್ರಾಹ್ಮಣರಿಗೂ ಸಂದೇಹವಿರಲಾರದು. ಎಲ್ಲರ ಪಂಕ್ತಿಗೂ ಸಲ್ಲುವ ಇಂತಹ ಶೋಧಕ ದ್ರವ್ಯ ಮತ್ತೊಂದು ದೊರೆಯುವುದು ಕಷ್ಟ.

ಆದರೆ ಅತಿಶಯೋಕ್ತಿ ಸಲ್ಲದು. ಸಕ್ಕರೆಪಾಕದ ಬಣ್ಣದ ಕಣಗಳು ದೊಡ್ಡವು; ಚಿಪ್ಪಿನ ಕಿರುರಂಧ್ರಕ್ಕಿಂತ ಮರದ ಇದ್ದಲಿನ ಅಗಲ ರಂಧ್ರವೇ ಆ ಕೆಲಸಕ್ಕೆ ಲೇಸು. ನೀರು, ಪಾನೀಯಗಳೇ ನಮ್ಮ ಚಿಪ್ಪಿನ ಕ್ಷೇತ್ರ. ಆದರೆ ನೀರಿಲ್ಲದೆ ಯಾವ ಆಹಾರದ ಕಾರ್ಖಾನೆ ನಡೆದೀತು? ಮತ್ತೊಂದು ಮಾತು. ಸಸ್ಯರಸದಿಂದ ಬೆಳ್ಳಿಯ ನ್ಯಾನೋ ಕಣಗಳನ್ನು ಮಾಡಿ ಆಹಾರದ ಹೊದಿಕೆಗಳಲ್ಲಿ ಸೇರಿಸುವ ಪ್ರಯೋಗಗಳೂ ಹಸಿರು ನ್ಯಾನೋ ವಿದ್ಯೆಯೆಂಬ ಹೆಸರಿನಲ್ಲಿ ನಡೆಯುತ್ತಿವೆ. ಕಣಗಳು ಹೊಟ್ಟೆಯನ್ನು ಸೇರಬಹುದಾದಲ್ಲಿ ಎಚ್ಚರಿಕೆ ಅವಶ್ಯಕ. ಯೂರೋಪಿನವರು 2014ರ ಡಿಸೆಂಬರಿನಿಂದ ಅಂತಹ ಪದಾರ್ಥದ ಹೆಸರಿನ ಮುಂದೆ ನ್ಯಾನೋ ಎಂದು ಮುದ್ರಿಸಬೇಕೆಂದು ಕಟ್ಟುಮಾಡಿದ್ದಾರೆ. ಭಾರತ ಸರ್ಕಾರದವರೂ 2020ರಲ್ಲಿ ಪರೀಕ್ಷಾ ಸೂತ್ರಗಳನ್ನು ಹೊರಡಿಸಿದ್ದಾರೆ. ಚಿಪ್ಪಿನ ಇಂಗಾಲದಲ್ಲಿ ಸೂಕ್ಷ್ಮವಾದುದು ರಂಧ್ರವೇ ಹೊರತು ಕಣವಲ್ಲ. ಹಿಡಿಯಬೇಕಾದುದನ್ನು ಹಿಡಿದು ಅದು ಸೋಸುವ ಪಾತ್ರೆಯಲ್ಲಿಯೇ ನಿಲ್ಲುತ್ತದೆ.

ಇಷ್ಟೆಲ್ಲ ಶುದ್ಧಿಯನ್ನು ಲೋಕಕ್ಕೆ ಒದಗಿಸುವ ಚಿಪ್ಪಿನ ಹುಟ್ಟೂರಿನ ಸ್ಥಿತಿಯೇನು? ಗುಂಡಿಯಲ್ಲಿ ಚಿಪ್ಪು ಸುಡುವ ಹಳೆಯ ಪದ್ಧತಿಯಿಂದ ಏಳುವ ದಟ್ಟ ಹೊಗೆಯನ್ನು ಕುರಿತು, ಅದರ ಪಕ್ಕದಲ್ಲಿ ಮನೆಯುಳ್ಳವರನ್ನು ಕೇಳಿದರೆ ಸಾಕು. ಕಣ್ಣುರಿ, ಕೆಮ್ಮು, ಒಗೆದು ಹರವಿದ ಬಟ್ಟೆಯ ಮೇಲೆ ಮಸಿ. ಇವು ಊರಿನ ಪಾಲು. ಹೀಗೆ ಸುಟ್ಟ ಇದ್ದಲು ಬಹುಮಟ್ಟಿಗೆ ಹೊರನಾಡಿಗೆ, ವಿಶೇಷವಾಗಿ ಈ ಉದ್ಯಮ ಬೆಳೆದಿರುವ ತಮಿಳುನಾಡಿನ ಕೊಯಮತ್ತೂರಿನ ಕಡೆಗೆ ಸಾಗುತ್ತದೆ. ಬೆಲೆಯ ಏರಿಕೆಯೆಲ್ಲ ಅಲ್ಲಿನ ಪಾಲು. ಸುಮಾರು 30,000 ಕಾಯಿಗಳ ಚಿಪ್ಪಿನಿಂದ ಒಂದು ಟನ್ ಇದ್ದಲು, ಅಂತಹ ಮೂರು ಟನ್ನಿನಿಂದ ಒಂದು ಟನ್ ಸಕ್ರಿಯ ಇಂಗಾಲ. ಎಂದ ಮೇಲೆ ಒಂದು ಟನ್ನಿಗೆ ತೊಂಬತ್ತು ಸಾವಿರ ಕಾಯಿಗಳ ಚಿಪ್ಪನ್ನು ಒಪ್ಪಿಸಿ ನಾವು ಹೊಗೆಯನ್ನು ಉಳಿಸಿಕೊಂಡಂತಾಯಿತು. ದೀಪದ ಬುಡದಲ್ಲಿ ಕತ್ತಲೆಯೆಂಬುದಕ್ಕೆ ಬೇರೆ ನಿದರ್ಶನ ಬೇಕೆ?

ಇಸ್ಲಾಂ ಧರ್ಮದಲ್ಲಿ ಹಲಾಲ್ ಎಂಬ ಮಾತಿನ ಜೊತೆಗೇ ತಯ್ಯಿಬ್ ಎಂಬ ಮತ್ತೊಂದು ಮಾತಿದೆ. ಮೊದಲನೆಯದಕ್ಕೆ ಸಮ್ಮತವಾದುದೆಂದರ್ಥ; ಎರಡನೆಯದಕ್ಕೆ ನಿರ್ಮಲವೂ ಹಿತವೂ ಆದುದೆಂದರ್ಥ. ನೆರೆಯವರ ಎದೆಗೆ ಹೊಗೆ ತುಂಬಿ ತಯಾರಾದ ಪದಾರ್ಥಕ್ಕೆ ಮುದ್ರೆ ಯಾವುದಿದ್ದರೇನು, ಹಿತವೆಂಬ ಹೆಸರು ಹೇಗೆ ಸಲ್ಲೀತು? ಹಸಿರೆಂಬ ಮಾತಿಗೂ ಇದೇ ಒರೆಗಲ್ಲು.

ಉಪಾಯವಿಲ್ಲದೆ ಇಲ್ಲ. ಮುಚ್ಚಿದ ಒಲೆಯಲ್ಲಿ ಚಿಪ್ಪನ್ನು ಕಾಯಿಸಿ, ಹೊರಡುವ ಅನಿಲವನ್ನು ಅಲ್ಲಿಯೇ ಉರಿಸಿ, ಆ ಶಾಖದಿಂದ ತೆಂಗಿನಪುಡಿಯನ್ನು ಒಣಗಿಸುವಂತಹ ಕೆಲಸ ತೆಗೆಯುವ ವಿಧಾನ ತಿಳಿದುದೇ ಆಗಿದೆ. ಇದ್ದಲಿಗೆ ಬೇಕಾದುದು ಚೆನ್ನಾಗಿ ಬಲಿತು ಒಣಗಿದ ಚಿಪ್ಪು. ವರ್ಷವಿಡೀ ಅಟ್ಟದಲ್ಲಿದ್ದ ನಮ್ಮ ಚಿಪ್ಪಿಗಿಂತ ಬಲಿತುದು ಎಲ್ಲಿದೆ? ಆದಕಾರಣ ನಾವು ಮೂರು ಸೂಚನೆಗಳನ್ನು ಮಾಡುತ್ತೇವೆ. ಮೊದಲನೆಯದಾಗಿ, ತೆರೆದ ಗುಂಡಿಗಳನ್ನು ಏಕಾಏಕಿ ಮುಚ್ಚಿಸಿ ಬಡವರ ಅನ್ನಕ್ಕೆ ಕಲ್ಲು ಹಾಕದೆ, ಗಡುವು ಕೊಟ್ಟು, ಸಾಲ ಕೊಟ್ಟು, ಮುಚ್ಚಿದ ಒಲೆಗೆ ಬದಲಾಯಿಸುವ ಹೊಣೆಯನ್ನು ಸರ್ಕಾರದವರು ಹೊರಬೇಕು. ಎರಡನೆಯದಾಗಿ, ಮೂರು ತಾಲ್ಲೂಕುಗಳ ಬೆಳೆಗಾರರ ಸಹಕಾರ ಸಂಘಗಳು ಒಟ್ಟುಗೂಡಿ ಸಕ್ರಿಯ ಇಂಗಾಲದ ಕಾರ್ಖಾನೆಯೊಂದನ್ನು ಕಟ್ಟಲು ಮುಂದಾಗಬೇಕು. ಮೂರನೆಯದಾಗಿ, ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಿಂದ ತರಬೇತಿಯೂ, 1950ರಿಂದ ಮೈಸೂರಿನಲ್ಲಿರುವ ಕೇಂದ್ರೀಯ ಆಹಾರ ಸಂಶೋಧನಾಲಯದಿಂದ ಪರೀಕ್ಷೆಯ ನೆರವೂ ದೊರೆಯುವಂತೆ ಜಿಲ್ಲಾಧಿಕಾರಿಗಳು ಏರ್ಪಡಿಸಬೇಕು. ಆಮೇಲೆ ಕೊಳ್ಳುವವರು ಕೇಳುವ ಪ್ರಮಾಣಪತ್ರವನ್ನು ತೋರಿಸಲು ನಾವು ಅಳುಕಬೇಕಾಗಿಲ್ಲ.

ಚಿಪ್ಪು ಹೇಗಿದ್ದರೂ ಮಾರಾಟವಾಗುತ್ತಿದೆಯಲ್ಲ, ಈ ಗೊಡವೆ ನಮಗೇಕೆ ಎನ್ನುವವರು 2023ನೆಯ ಇಸವಿಯನ್ನು ಜ್ಞಾಪಿಸಿಕೊಳ್ಳಲಿ. ಅಂದು ಉಂಡೆ ಕೊಬ್ಬರಿಯ ಬೆಂಬಲ ಬೆಲೆ 11,750 ರೂಪಾಯಿ ಇದ್ದಾಗಲೂ ಪೇಟೆಯ ಧಾರಣೆ ಅದಕ್ಕಿಂತ ಬಹು ಕೆಳಗೆ ಕುಸಿದು ಬೆಳೆಗಾರರು ಬೀದಿಗಿಳಿಯಬೇಕಾಯಿತು. ಒಂದೇ ಪದಾರ್ಥವನ್ನು ನಂಬಿ, ಉಳಿದುದನ್ನು ಕಚ್ಚಾ ಸರಕಾಗಿ ಸಾಗಹಾಕುವ ನಾಡು ಪ್ರತಿ ಕುಸಿತಕ್ಕೂ ಸರ್ಕಾರದ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ. ಕಲ್ಪವೃಕ್ಷದ ಯಾವ ಭಾಗವೂ ವ್ಯರ್ಥವಲ್ಲವೆಂದು ಸಭೆಗಳಲ್ಲಿ ಹೇಳಿ ಚಪ್ಪಾಳೆ ತಟ್ಟಿಸಿಕೊಳ್ಳುವುದು ಸುಲಭ. ಅದರ ಚಿಪ್ಪಿನಿಂದ ಪರರ ಅಡಿಗೆಮನೆ ಶುದ್ಧವಾಗುವುದರೊಂದಿಗೆ ನಮ್ಮ ಊರಿನ ಗಾಳಿಯೂ ಶುದ್ಧವಾಗಿ ಉಳಿದಾಗಲೇ ಆ ಮಾತಿಗೆ ಬೆಲೆ ಬರುವುದು.